ಒಂದು ಅಂಕದ ವಾಕ್ಯ

ಪಠ್ಯಪುಸ್ತಕಗಳಲ್ಲಿ ಕೆಲವು ವಾಕ್ಯಗಳು ಬಸ್ಸಿನ ಕಿಟಕಿಯಿಂದ ಕಂಡ ಊರುಗಳ ಹಾಗೆ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಪಿಯುಸಿ ಜೀವಶಾಸ್ತ್ರದಲ್ಲಿ ಕಿಣ್ವಗಳ ಪಾಠ ಶುರುವಾಗುವಲ್ಲಿ ಅಂಥದೊಂದು ವಾಕ್ಯವಿದೆ. ಕಿಣ್ವಗಳು ಹೆಚ್ಚುಕಡಿಮೆ ಎಲ್ಲವೂ ಪ್ರೋಟೀನುಗಳೇ, ಆದರೆ ಕೆಲವು ನ್ಯೂಕ್ಲಿಯಿಕ್ ಆಮ್ಲಗಳೂ ಕಿಣ್ವದ ಕೆಲಸ ಮಾಡುತ್ತವೆ, ಅವುಗಳಿಗೆ ರೈಬೋಜೈಮ್ ಎಂದು ಹೆಸರು ಎನ್ನುವುದು ಅದರ ಸಾರ. ಅಷ್ಟು ಹೇಳಿ ಪುಸ್ತಕ ಮುಂದಕ್ಕೆ ಹೋಗುತ್ತದೆ. ಮೇಷ್ಟರೂ ಹೋಗುತ್ತಾರೆ. ಪರೀಕ್ಷೆಗೆ ಬಂದರೆ ಅದಕ್ಕೆ ಒಂದು ಅಂಕ.

ಜೇವರ್ಗಿ ತಾಲ್ಲೂಕಿನ ನೆಲೋಗಿಯ ಒಬ್ಬ ಹುಡುಗಿ ಈ ವಾಕ್ಯದ ಹತ್ತಿರ ನಿಂತುಬಿಟ್ಟಳು. ಹತ್ತನೇ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಗೆ ಬಂದ ಮೇಲೆ ಇಂಗ್ಲಿಷಿನ ಜೊತೆ ಗುದ್ದಾಡುತ್ತಿರುವ ಸಾವಿರಾರು ಮಕ್ಕಳಲ್ಲಿ ಅವಳೂ ಒಬ್ಬಳು. ನಿಧಾನವಾಗಿ ಓದುವವರಿಗೆ ಒಂದು ಲಾಭವಿದೆ. ವೇಗವಾಗಿ ಓದುವವರು ಹಾರಿಸಿಬಿಡುವುದು ಇವರ ಕಾಲಿಗೆ ತೊಡರುತ್ತದೆ. ಎಲ್ಲವೂ ಪ್ರೋಟೀನು ಎಂದ ಮೇಲೆ ಈ 'ಕೆಲವು' ಎಲ್ಲಿಂದ ಬಂದವು? ಅವು ಏನು ಮಾಡುತ್ತವೆ? ಹೇಗೆ ಮಾಡುತ್ತವೆ?

ನೆಲೋಗಿ ಎಂದರೆ ರಾಜಕೀಯ ಬಲ್ಲವರಿಗೆ ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್ ಅವರ ಹುಟ್ಟೂರು. ಉಳಿದವರಿಗೆ ಅದು ಎರೆಭೂಮಿಯ ಊರು. ತೊಗರಿ, ಜೋಳ, ಹತ್ತಿ, ಮಳೆಯ ದಾರಿ ನೋಡುವ ಕಣ್ಣು. ಹುಡುಗಿಯ ತಂದೆಗೆ ಕೆಲವು ಎಕರೆ ತೊಗರಿ ಹೊಲ. ನೆಟೆರೋಗ ಬಂದ ವರ್ಷ ನಿಂತ ಗಿಡ ನಿಂತಲ್ಲೇ ಒಣಗಿದ್ದನ್ನು ಕಂಡವರು. ಮಗಳು ಡಾಕ್ಟರಾಗಲಿ ಎನ್ನುವುದು ಅವರ ಆಸೆ. ಅದರಲ್ಲಿ ದುರಾಸೆ ಏನಿಲ್ಲ. ಮಳೆಯನ್ನು ನಂಬಿ ಬದುಕಿದವರು ಮಕ್ಕಳಾದರೂ ಮಳೆಯನ್ನು ನಂಬದೆ ಬದುಕಲಿ ಎಂದು ಬಯಸುತ್ತಾರೆ.

ನೀಟ್ ಪರೀಕ್ಷೆಯ ತಯಾರಿಗೆ ಕಲಬುರಗಿಯ ಕೋಚಿಂಗಿಗೆ ಹಣ ಹೊಂದಿಸುತ್ತಿದ್ದ ತಂದೆ, ಮಗಳು ಒಂದೇ ಪುಟ ಹಿಡಿದು ಕೂತದ್ದನ್ನು ನೋಡಿ ಕೇಳಿದರು: "ಇದು ಪರೀಕ್ಷಾದಾಗ ಬರ್ತದೇನವ್ವ?"

"ಬಂದ್ರ ಒಂದು ಮಾರ್ಕಿಗೆ ಬರ್ತದಪ್ಪ."

"ಹಂಗಂದ್ರ ಒಂದು ಮಾರ್ಕಿನಷ್ಟೇ ಓದು."

ಲೆಕ್ಕ ಸರಿಯಾಗಿಯೇ ಇದೆ. ಇಂಥ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆದರೆ ಆ ಒಂದು ಅಂಕದ ಹಿಂದೆ ಏನಿದೆ ಎಂದು ತಂದೆತಾಯಿಗಳೂ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಮೊದಲು ಕಿಣ್ವದ ಮಾತು. ಕಲಬುರಗಿಯಿಂದ ಜೇವರ್ಗಿಗೆ ಬರುವವರು ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿಯ ಸೇತುವೆ ದಾಟುತ್ತಾರೆ. ಸೇತುವೆ ಇಲ್ಲದಿದ್ದರೂ ಜನ ಆಚೆ ದಡಕ್ಕೆ ಹೋಗುತ್ತಿದ್ದರು. ನೀರು ಇಳಿಯಲೆಂದು ಕಾಯುತ್ತಿದ್ದರು, ಸುತ್ತು ಹಾಕುತ್ತಿದ್ದರು. ಹೋಗುವವರ ಸಂಖ್ಯೆ ಕಡಿಮೆ, ತಗಲುವ ಕಾಲ ಹೆಚ್ಚು, ಅಷ್ಟೇ. ರಾಸಾಯನಿಕ ಕ್ರಿಯೆಗಳದೂ ಇದೇ ಪಾಡು. ಒಂದು ವಸ್ತು ಇನ್ನೊಂದಾಗಬೇಕಾದರೆ ನಡುವೆ ಒಂದು ಕಷ್ಟದ ಘಟ್ಟವನ್ನು ದಾಟಬೇಕು. ಹಳೆಯ ಬಂಧ ಪೂರ್ತಿ ಮುರಿದಿರುವುದಿಲ್ಲ, ಹೊಸದು ಪೂರ್ತಿ ಕೂಡಿರುವುದಿಲ್ಲ. ನಡುನೀರಿನ ಸ್ಥಿತಿ ಅದು. ಅಲ್ಲಿಯವರೆಗೆ ಏರುವ ಶಕ್ತಿ ಬಹಳ ಕಡಿಮೆ ಅಣುಗಳಿಗೆ ಇರುತ್ತದೆ. ಕಿಣ್ವ ಆ ನಡುನೀರಿನ ಮೇಲೆ ಕಟ್ಟಿದ ಸೇತುವೆ.

ಸೇತುವೆಯ ಎರಡು ಗುಣಗಳನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಎಷ್ಟು ಜನ ದಾಟಿದರೂ ಸೇತುವೆ ತಾನು ಯಾವ ಊರಿಗೂ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಕಿಣ್ವವೂ ಹಾಗೆಯೇ ಉಳಿದಿರುತ್ತದೆ. ಇನ್ನೊಂದು, ಸೇತುವೆ ಆ ಕಡೆಗೂ ಈ ಕಡೆಗೂ ಒಂದೇ ಸಮ ದಾರಿ ಬಿಡುತ್ತದೆ. ಯಾರು ಯಾವ ಊರಿನಲ್ಲಿ ನೆಲೆಸಬೇಕು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ. ಆಗದ ಕ್ರಿಯೆಯನ್ನು ಕಿಣ್ವ ಆಗುಮಾಡಲಾರದು. ಆಗುವುದನ್ನು ಬೇಗ ಆಗಿಸಬಲ್ಲದು.

ಈ ಸೇತುವೆಗಳು ಯಾವ ಸಾಮಗ್ರಿಯಿಂದ ಕಟ್ಟಿದವು ಎನ್ನುವುದು ಬಹುಕಾಲ ವಿವಾದದಲ್ಲಿತ್ತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಬಗೆಯ ಅವರೆಜಾತಿಯ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹೊಲಕ್ಕೆ ಹಾಕಿದ ಯೂರಿಯಾ ಗೊಬ್ಬರವನ್ನು ಮಣ್ಣಿನಲ್ಲಿ ಒಡೆಯುವುದು ಇದೇ ಜಾತಿಯ ಕಿಣ್ವ. ಆ ಹರಳು ಪ್ರೋಟೀನು ಎಂದು ಅವರು ತೋರಿಸಿದಾಗ ಮೊದಲು ನಂಬಿದವರು ಕಡಿಮೆ. ಬೇರೆಯವರ ಪ್ರಯೋಗಗಳೂ ಅದನ್ನೇ ಹೇಳಿದ ಮೇಲೆ 1946ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಮುಂದೆ ಸಿಕ್ಕ ಕಿಣ್ವಗಳೆಲ್ಲ ಪ್ರೋಟೀನುಗಳೇ ಆಗಿದ್ದರಿಂದ 'ಕಿಣ್ವವೆಂದರೆ ಪ್ರೋಟೀನು' ಎನ್ನುವುದು ಗಾದೆಯಷ್ಟೇ ಗಟ್ಟಿಯಾಯಿತು.

ಆ ಲೆಕ್ಕದಲ್ಲಿ ಆರ್‌ಎನ್‌ಎಗೆ ಸಿಕ್ಕಿದ್ದು ಚೀಟಿಯ ಪಾತ್ರ. ಡಿಎನ್‌ಎ ಎಂಬುದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಮೂಲ ದಫ್ತರ. ಅದರಿಂದ ನಕಲು ಮಾಡಿ ಕಾರ್ಖಾನೆಗೆ ಕಳುಹಿಸುವ ಚೀಟಿ ಆರ್‌ಎನ್‌ಎ. ಚೀಟಿ ನೋಡಿ ಕೆಲಸ ಮಾಡುವ ಆಳುಗಳು ಪ್ರೋಟೀನುಗಳು. ಚೀಟಿ ತಾನೇ ಕೆಲಸಕ್ಕಿಳಿಯುತ್ತದೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಕಾರ್ಲ್ ವೋಸ್, ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಎಂಬ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲೇ ಹೀಗೂ ಇರಬಹುದೆಂದು ಊಹಿಸಿದ್ದರು. ಆದರೆ ಊಹೆಗೆ ಸಾಕ್ಷಿ ಇರಲಿಲ್ಲ.

ಸಾಕ್ಷಿ ಬಂದದ್ದು ಅಮೆರಿಕದ ಬೋಲ್ಡರ್ ಎಂಬ ಊರಿನಿಂದ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಥಾಮಸ್ ಚೆಕ್ ಎಂಬ ಯುವ ಪ್ರಾಧ್ಯಾಪಕರು ಟೆಟ್ರಾಹೈಮೆನಾ ಎಂಬ ಜೀವಿಯನ್ನು ಅಭ್ಯಾಸ ಮಾಡುತ್ತಿದ್ದರು. ಇದು ಕೆರೆಕುಂಟೆಗಳಲ್ಲಿ ಈಜಾಡುವ, ಕಣ್ಣಿಗೆ ಕಾಣದ ಏಕಕೋಶಜೀವಿ. ಇದರ ಒಂದು ಆರ್‌ಎನ್‌ಎ ಎಳೆಯ ನಡುವೆ ಸುಮಾರು 400 ಅಕ್ಷರಗಳ ಬೇಡದ ತುಂಡೊಂದು ಇರುತ್ತದೆ. ಅದನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಜೋಡಿಸಬೇಕು. ಈ ದರ್ಜಿ ಕೆಲಸ ಮಾಡುವ ಪ್ರೋಟೀನು ಯಾವುದು ಎಂದು ಕಂಡುಹಿಡಿಯುವುದು ಚೆಕ್ ಅವರ ಉದ್ದೇಶ.

ಪ್ರಯೋಗ ಸರಳ. ಒಂದು ನಳಿಕೆಯಲ್ಲಿ ಆರ್‌ಎನ್‌ಎ ಮತ್ತು ಜೀವಕೋಶದ ಸಾರ, ಅಂದರೆ ಪ್ರೋಟೀನುಗಳು ತುಂಬಿದ ದ್ರವ. ಇನ್ನೊಂದರಲ್ಲಿ ಸಾರವಿಲ್ಲದ ಬರೀ ಆರ್‌ಎನ್‌ಎ. ಇದು ಹೋಲಿಕೆಗೆಂದು ಇಟ್ಟದ್ದು, ಇಲ್ಲಿ ಏನೂ ಆಗಬಾರದು. ಆದರೆ ಚೆಕ್ ಅವರ ಸಹೋದ್ಯೋಗಿ ಆರ್ಥರ್ ಜಾಗ್ ನೋಡಿದಾಗ ಎರಡೂ ನಳಿಕೆಗಳಲ್ಲಿ ತುಂಡು ಕತ್ತರಿಸಿ ಹೊರಬಂದಿತ್ತು! ಯಾವುದೋ ತಪ್ಪಾಗಿರಬೇಕೆಂದು ಮತ್ತೆ ಮಾಡಿದರು. ಮತ್ತೆ ಅದೇ ಫಲ. ಆರ್‌ಎನ್‌ಎಗೆ ಯಾವುದೋ ಪ್ರೋಟೀನು ಬಿಡದೆ ಅಂಟಿಕೊಂಡಿರಬೇಕೆಂದು ಅನುಮಾನಿಸಿದರು. ಕುದಿಸಿದರು, ಮಾರ್ಜಕ ಹಾಕಿದರು, ಪ್ರೋಟೀನನ್ನು ತಿಂದುಹಾಕುವ ಕಿಣ್ವಗಳನ್ನೇ ಹಾಕಿದರು. ಕತ್ತರಿಸುವುದು ನಿಲ್ಲಲಿಲ್ಲ. ಕಡೆಗೆ ಟೆಟ್ರಾಹೈಮೆನಾದ ಸಂಪರ್ಕವೇ ಇಲ್ಲದಂತೆ ಆ ಆರ್‌ಎನ್‌ಎಯನ್ನು ನಳಿಕೆಯಲ್ಲೇ ಹೊಸದಾಗಿ ತಯಾರಿಸಿ ನೋಡಿದರು. ಅದೂ ತನ್ನ ತುಂಡನ್ನು ತಾನೇ ಕತ್ತರಿಸಿಕೊಂಡು ಹೊಲಿದುಕೊಂಡಿತು. 1982ರಲ್ಲಿ ಇದು ಪ್ರಕಟವಾಯಿತು. ರೈಬೋಜೈಮ್ ಎಂಬ ಹೆಸರೂ ಆಗಲೇ ಹುಟ್ಟಿತು.

ಆದರೆ ಇಲ್ಲಿ ಒಂದು ತಕರಾರು ಉಂಟು. ತನ್ನನ್ನೇ ಕತ್ತರಿಸಿಕೊಂಡ ಆರ್‌ಎನ್‌ಎ ಮೊದಲಿನಂತೆ ಉಳಿಯಲಿಲ್ಲವಲ್ಲ, ಅದನ್ನು ಕಿಣ್ವ ಎನ್ನುವುದು ಹೇಗೆ? ಉತ್ತರ ಮರುವರ್ಷವೇ ಸಿಕ್ಕಿತು. ಯೇಲ್ ವಿಶ್ವವಿದ್ಯಾಲಯದ ಸಿಡ್ನಿ ಆಲ್ಟ್‌ಮನ್ ರೈಬೋನ್ಯೂಕ್ಲಿಯೇಸ್-ಪಿ ಎಂಬ ಕಿಣ್ವವನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದರು. ಅದರಲ್ಲಿ ಆರ್‌ಎನ್‌ಎ ಒಂದು, ಪ್ರೋಟೀನು ಒಂದು. ಕತ್ತರಿಸುವ ಕೆಲಸ ಆರ್‌ಎನ್‌ಎಯದೇ, ಪ್ರೋಟೀನು ಬರೀ ಸಹಾಯಕ ಎಂದು 1983ರಲ್ಲಿ ಅವರ ಮತ್ತು ನಾರ್ಮನ್ ಪೇಸ್ ಅವರ ತಂಡಗಳು ಸೇರಿ ತೋರಿಸಿದವು. ಈ ಆರ್‌ಎನ್‌ಎ ಬೇರೆ ಅಣುಗಳನ್ನು ಒಂದರ ಮೇಲೊಂದರಂತೆ ಕತ್ತರಿಸಿ ತಾನು ಹಾಗೆಯೇ ಉಳಿಯುತ್ತದೆ. ತೊಗರಿಯನ್ನು ಬೇಳೆ ಒಡೆಯುವ ಬೀಸುಕಲ್ಲಿನಂತೆ. ಎಷ್ಟು ಸೇರು ಹಾಕಿದರೂ ಕಲ್ಲು ಕಲ್ಲೇ. ಚೆಕ್ ಮತ್ತು ಆಲ್ಟ್‌ಮನ್ 1989ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ನೆಲೋಗಿಯ ಹುಡುಗಿ ಇದನ್ನೆಲ್ಲ ತಾಯಿಗೆ ಹೇಳಿದಾಗ ಅವರು ರೊಟ್ಟಿ ಬಡಿಯುತ್ತಿದ್ದರು. "ಚೀಟಿನೇ ಅಡಿಗಿ ಮಾಡ್ತದಂದ್ರ ನಾ ಯಾಕ ಒಲಿ ಮುಂದ ಕೂಡ್ಲಿ?" ಎಂದರು. ತಮಾಷೆಯ ಮಾತಾದರೂ ಪ್ರಶ್ನೆ ಸರಿಯಾದ ಜಾಗಕ್ಕೇ ತಗಲಿದೆ. ಚೀಟಿಗೆ ಕೈ ಎಲ್ಲಿಂದ ಬಂತು?

ಕೈ ಬರುವುದು ಮಡಿಕೆಯಿಂದ. ಡಿಎನ್‌ಎಯಲ್ಲಿ ಎರಡು ಎಳೆಗಳು ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಅದಕ್ಕೆ ಬೇರೆ ಕೆಲಸಕ್ಕೆ ಬಿಡುವಿಲ್ಲ. ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಅದರ ನಾಲ್ಕು ಅಕ್ಷರಗಳಲ್ಲಿ ಎ ಎಂಬುದು ಯು ಜೊತೆ, ಜಿ ಎಂಬುದು ಸಿ ಜೊತೆ ಕೂಡುತ್ತದೆ. ಹೀಗಾಗಿ ಉದ್ದನೆಯ ಎಳೆ ತನ್ನ ಮೇಲೆ ತಾನೇ ಬಾಗಿ, ಅಲ್ಲಲ್ಲಿ ಹೆಣೆದುಕೊಂಡು, ಗಂಟು ಕುಣಿಕೆಗಳಾಗಿ, ಕೊನೆಗೆ ಒಂದು ನಿರ್ದಿಷ್ಟ ಆಕಾರ ತಾಳುತ್ತದೆ. ಅದೇ ಕಾಗದ ಚಪ್ಪಟೆಯಾಗಿದ್ದಾಗ ಚೀಟಿ, ಮಡಚಿದಾಗ ದೋಣಿ.

ಮಡಚುವುದಕ್ಕೆ ಒಂದು ಅಡ್ಡಿ ಇದೆ. ಆರ್‌ಎನ್‌ಎಯ ಬೆನ್ನೆಲುಬಿನ ಫಾಸ್ಫೇಟುಗಳಿಗೆಲ್ಲ ಋಣ ವಿದ್ಯುದಂಶ. ಸಮಾನ ವಿದ್ಯುದಂಶಗಳು ದಾಯಾದಿಗಳ ಹಾಗೆ, ಹತ್ತಿರ ಕೂಡುವುದಿಲ್ಲ. ಅವುಗಳ ನಡುವೆ ಧನ ವಿದ್ಯುದಂಶದ ಮೆಗ್ನೀಸಿಯಂ ಅಯಾನುಗಳು ಊರ ಹಿರಿಯರ ಹಾಗೆ ಬಂದು ಕೂತಾಗ ಜಗಳ ತಣ್ಣಗಾಗಿ ಎಳೆ ಒತ್ತಾಗಿ ಮಡಚಿಕೊಳ್ಳುತ್ತದೆ. ಎಲೆಯ ಹಸಿರಿಗೆ ಬೇಕಾದ ಅದೇ ಮೆಗ್ನೀಸಿಯಂ ಇಲ್ಲಿಯೂ ಬೇಕು.

ಆಕಾರ ಬಂದ ಮೇಲೆ ವೇಗ ಹೆಚ್ಚಿಸುವ ಉಪಾಯಗಳು ಮುಖ್ಯವಾಗಿ ಮೂರು. ಮೊದಲನೆಯದು, ಕೂಡಬೇಕಾದ ಅಣುಗಳನ್ನು ಹಿಡಿದು ಸರಿಯಾದ ಕೋನದಲ್ಲಿ ಎದುರುಬದುರು ನಿಲ್ಲಿಸುವುದು. ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ಹುಡುಕುವುದಕ್ಕೂ, ತಿಳಿದವರು ಕೈಹಿಡಿದು ತಂದು ಎದುರಿಗೆ ಕೂರಿಸುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದು, ಲೋಹದ ಅಯಾನುಗಳ ಸಹಾಯ. ಬಂಧ ಮುರಿಯುವ ಕ್ಷಣದಲ್ಲಿ ಒಟ್ಟುಗೂಡುವ ಋಣ ವಿದ್ಯುದಂಶವನ್ನು ಅವು ಸಮಾಧಾನಪಡಿಸಿ, ನಡುನೀರಿನ ಸ್ಥಿತಿಗೆ ಆಸರೆಯಾಗುತ್ತವೆ. ಮೂರನೆಯದು, ಆಮ್ಲ-ಕ್ಷಾರಗಳ ಕೊಡುಕೊಳ್ಳುವಿಕೆ. ಕೆಲವು ಚಿಕ್ಕ ರೈಬೋಜೈಮುಗಳಲ್ಲಿ ಆರ್‌ಎನ್‌ಎಯ ಅಕ್ಷರಗಳೇ ಒಂದು ಕಡೆ ಪ್ರೋಟಾನನ್ನು ತೆಗೆದುಕೊಂಡು ಇನ್ನೊಂದು ಕಡೆ ಕೊಟ್ಟು ಬಂಧ ಮುರಿಯುವುದನ್ನು ಸುಲಭ ಮಾಡುತ್ತವೆ. ಇವೆಲ್ಲ ಪ್ರೋಟೀನು ಕಿಣ್ವಗಳೂ ಮಾಡುವ ಉಪಾಯಗಳೇ. ಪ್ರೋಟೀನಿನ ಪೆಟ್ಟಿಗೆಯಲ್ಲಿ 20 ಬಗೆಯ ಉಪಕರಣಗಳಿವೆ, ಆರ್‌ಎನ್‌ಎಗೆ ಇರುವುದು ನಾಲ್ಕೇ. ಇದ್ದಷ್ಟರಲ್ಲಿ ಸಂಸಾರ ನಡೆಸುವ ಜಾಣ್ಮೆ ಅದರದು.

ಆ ಜಾಣ್ಮೆಯ ಅಳತೆ ಬೇಕೆನ್ನುವವರಿಗೆ ಒಂದು ಲೆಕ್ಕ. ಟೆಟ್ರಾಹೈಮೆನಾದ ರೈಬೋಜೈಮ್ ತನ್ನ ಕತ್ತರಿಸುವ ಕ್ರಿಯೆಯನ್ನು ಸುಮಾರು ಹತ್ತು ಸಾವಿರ ಕೋಟಿ ಪಟ್ಟು ವೇಗಗೊಳಿಸುತ್ತದೆ ಎಂದು 1990ರಲ್ಲಿ ಡೇನಿಯಲ್ ಹರ್ಷ್ಲಾಗ್ ಮತ್ತು ಚೆಕ್ ಅಳೆದರು. ಹತ್ತು ಸಾವಿರ ಕೋಟಿ ಸೆಕೆಂಡುಗಳೆಂದರೆ 3,000 ವರ್ಷಕ್ಕೂ ಹೆಚ್ಚು. ತಾನಾಗಿ ಆಗಲು ಅಷ್ಟು ಕಾಲ ಹಿಡಿಯುವ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿದಂತೆ ಇದು.

ಇಷ್ಟಾದರೂ ಕೆರೆಯ ಹುಳುವಿನ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ನಮ್ಮ ಮೈಯಲ್ಲೇ ಇದೆ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸುವ ಕಾರ್ಖಾನೆಗೆ ರೈಬೋಸೋಮ್ ಎಂದು ಹೆಸರು. ಅದರಲ್ಲಿ ಆರ್‌ಎನ್‌ಎಯೂ ಇದೆ, ಹತ್ತಾರು ಪ್ರೋಟೀನುಗಳೂ ಇವೆ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುವವರು ಯಾರು? 2000ದಲ್ಲಿ ಯೇಲಿನ ಥಾಮಸ್ ಸ್ಟೈಟ್ಜ್ ಮತ್ತು ಪೀಟರ್ ಮೂರ್ ತಂಡ ರೈಬೋಸೋಮಿನ ದೊಡ್ಡ ಭಾಗದ ಚಿತ್ರವನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದಾಗ, ಪೋಣಿಸುವ ಜಾಗದ ಆಸುಪಾಸಿನಲ್ಲಿ ಪ್ರೋಟೀನೇ ಕಾಣಲಿಲ್ಲ. ಅಲ್ಲಿದ್ದದ್ದು ಬರೀ ಆರ್‌ಎನ್‌ಎ. ಮುಖ್ಯವಾಗಿ ಅಣುಗಳನ್ನು ಸರಿಯಾಗಿ ಎದುರುಬದುರು ನಿಲ್ಲಿಸಿಯೇ ಅದು ಕ್ರಿಯೆಯ ವೇಗವನ್ನು ಕೋಟಿ ಪಟ್ಟಿಗೂ ಹೆಚ್ಚಿಸುತ್ತದೆ. ಕಿಣ್ವವೆಂದರೆ ಪ್ರೋಟೀನು ಎಂದು ಸಾರುತ್ತಿದ್ದ ಕಾಲದಲ್ಲೂ ಆ ಪ್ರೋಟೀನುಗಳನ್ನೆಲ್ಲ ಹಡೆಯುತ್ತಿದ್ದುದು ಒಂದು ಆರ್‌ಎನ್‌ಎ ಕಿಣ್ವ! ತೊಗರಿಬೇಳೆಯ ಪ್ರೋಟೀನು ಗಿಡದಲ್ಲಿ ತಯಾರಾಗುವುದೂ, ಅದನ್ನುಂಡ ಮಗುವಿನ ಮೈಯಲ್ಲಿ ಮತ್ತೆ ಮಾಂಸವಾಗುವುದೂ ಇದರ ಕೈಯಿಂದಲೇ.

ಔಷಧದ ಅಂಗಡಿಯಲ್ಲೂ ಇದರ ಗುರುತಿದೆ. ಹಿಂದೆ ವಿಷಮಶೀತ ಜ್ವರಕ್ಕೆ ಕೊಡುತ್ತಿದ್ದ, ಕಣ್ಣಿನ ಮುಲಾಮಿನಲ್ಲೂ ಬಳಕೆಯಾದ ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ನೇರವಾಗಿ ಆ ಪೋಣಿಸುವ ಜಾಗದಲ್ಲೇ ಹೋಗಿ ಕೂರುತ್ತದೆ. ಪ್ರೋಟೀನು ತಯಾರಾಗದೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಅಂದರೆ ಈ ಔಷಧ 1948ರಷ್ಟು ಹಿಂದೆ ಜ್ವರ ಇಳಿಸಲು ಶುರುಮಾಡಿದ್ದು ಒಂದು ರೈಬೋಜೈಮಿನ ಕೈ ಕಟ್ಟಿಹಾಕಿಯೇ; ಆಗ ಆ ಹೆಸರೂ ಹುಟ್ಟಿರಲಿಲ್ಲ. ಇನ್ನು ಆರ್‌ಎನ್‌ಎ ಎಂಬ ಪದವಂತೂ ಕಲಬುರಗಿ ಜಿಲ್ಲೆಗೆ ಕಹಿಯಾಗಿ ಪರಿಚಯವಾದದ್ದು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಕಲಬುರಗಿಯಿಂದ. ಮೂಗಿನಿಂದ ತೆಗೆದ ದ್ರವದಲ್ಲಿ ಹುಡುಕುತ್ತಿದ್ದುದು ಆ ವೈರಸ್ಸಿನ ಆರ್‌ಎನ್‌ಎಯನ್ನೇ. ಸುಮಾರು 30,000 ಅಕ್ಷರಗಳ ಆ ಚೀಟಿ ನಮ್ಮದೇ ರೈಬೋಸೋಮುಗಳನ್ನು ತನ್ನ ಕೆಲಸಕ್ಕೆ ಹಚ್ಚಿಕೊಂಡಿತು.

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ಒಗಟಿಗೂ ಇಲ್ಲಿ ಒಂದು ಹೊಸ ದಾರಿ ಸಿಕ್ಕಿದೆ. ಡಿಎನ್‌ಎ ನಕಲಾಗಲು ಪ್ರೋಟೀನು ಬೇಕು, ಪ್ರೋಟೀನು ಆಗಲು ಡಿಎನ್‌ಎಯ ಮಾಹಿತಿ ಬೇಕು. ಹಾಗಾದರೆ ಜೀವ ಶುರುವಾದದ್ದು ಹೇಗೆ? ಮಾಹಿತಿಯನ್ನೂ ಹೊತ್ತು ಕೆಲಸವನ್ನೂ ಮಾಡಬಲ್ಲ ಆರ್‌ಎನ್‌ಎ ಮೊದಲು ಬಂದಿರಬಹುದು ಎಂಬ ವಿಚಾರಕ್ಕೆ 1986ರಲ್ಲಿ ವಾಲ್ಟರ್ ಗಿಲ್ಬರ್ಟ್ 'ಆರ್‌ಎನ್‌ಎ ಜಗತ್ತು' ಎಂದು ಹೆಸರಿಟ್ಟರು. ಇದು ಸಿದ್ಧವಾದ ಸತ್ಯವಲ್ಲ, ಬಲವಾದ ಊಹೆ. ಆರ್‌ಎನ್‌ಎಯನ್ನು ನಕಲು ಮಾಡುವ ರೈಬೋಜೈಮುಗಳನ್ನು ಪ್ರಯೋಗಶಾಲೆಗಳಲ್ಲಿ ತಯಾರಿಸುವ ಕೆಲಸ ನಡೆದೇ ಇದೆ. ಕೆಲಸ ಬಾಕಿ ಇರುವ ವಿಷಯ ಇದು ಎನ್ನುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ತಂದೆತಾಯಿಗಳು ಗಮನಿಸಬೇಕಾದ ಮಾತೂ ಒಂದಿದೆ. ಆರ್‌ಎನ್‌ಎಯ ಮೂರಕ್ಷರದ ಸಂಕೇತಗಳನ್ನು ಬಿಡಿಸಿ 1968ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಹರ್‌ಗೋವಿಂದ್ ಖೊರಾನಾ ಹುಟ್ಟಿದ್ದು ಪಂಜಾಬಿನ, ಈಗ ಪಾಕಿಸ್ತಾನದಲ್ಲಿರುವ, ನೂರು ಜನರ ಒಂದು ಹಳ್ಳಿಯಲ್ಲಿ. ತಂದೆ ಪಟವಾರಿ. ಆ ಹಳ್ಳಿಯಲ್ಲಿ ಓದುಬರಹ ಬಲ್ಲದ್ದು ಹೆಚ್ಚುಕಡಿಮೆ ಅವರದೊಂದೇ ಮನೆ. ರೈಬೋಸೋಮಿನ ರಚನೆಗಾಗಿ ಸ್ಟೈಟ್ಜ್ ಮತ್ತು ಅದಾ ಯೊನಾತ್ ಜೊತೆ 2009ರಲ್ಲಿ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಚಿದಂಬರಂನಲ್ಲಿ ಹುಟ್ಟಿ, ಬರೋಡದಲ್ಲಿ ಭೌತಶಾಸ್ತ್ರದ ಬಿಎಸ್ಸಿ ಓದಿದವರು. ಅದೇ ವಿಷಯದಲ್ಲಿ ಪಿಎಚ್.ಡಿ. ಮುಗಿಸಿದ ಮೇಲೆ ಜೀವಶಾಸ್ತ್ರದ ಕಡೆ ಮನಸ್ಸು ಹೊರಳಿ, ಮತ್ತೆ ವಿದ್ಯಾರ್ಥಿಯಾಗಿ ಕೂತರು. ಎಲ್ಲ ಮಕ್ಕಳೂ ಹೀಗಾಗುತ್ತಾರೆಂದು ಯಾರೂ ಭರವಸೆ ಕೊಡಲಾರರು. ವಿಜ್ಞಾನದ ದಾರಿಯಲ್ಲಿ ಸಂಬಳ ತಡವಾಗಿ ಬರುತ್ತದೆ ಎನ್ನುವುದೂ ಸುಳ್ಳಲ್ಲ. ನೆಲೋಗಿಯ ತಂದೆಯ ಭಯಕ್ಕೆ ಆಧಾರವಿದೆ.

ಆದರೆ ದಾರಿ ಮೊದಲಿನಷ್ಟು ದೂರವಿಲ್ಲ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿಯುಸಿ ಮುಗಿಸಿದವರಿಗೂ ನಾಲ್ಕು ವರ್ಷದ ಪದವಿ ಇದೆ. ನೀಟ್ ಬರೆಯಬಾರದೆಂದಲ್ಲ. ಬರೆಯುವವರು ಬರೆಯಲಿ, ಆದರೆ ಬಾಗಿಲು ಅದೊಂದೇ ಎಂದು ಮಕ್ಕಳ ತಲೆಯಲ್ಲಿ ತುಂಬುವುದು ಬೇಡ.

ಆ ಹುಡುಗಿ ಮುಂದೆ ಏನು ಓದುತ್ತಾಳೋ, ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಈ ವರ್ಷದ ತೊಗರಿಯ ಧಾರಣೆಯೂ ಅದರಲ್ಲಿ ಮಾತಾಡುತ್ತದೆ. ಒಂದು ಮಾತಂತೂ ನಿಜ. ಬೋಲ್ಡರಿನಲ್ಲಿ ಏನೂ ಆಗಬಾರದಿದ್ದ ನಳಿಕೆಯಲ್ಲಿ ಏನೋ ಆದಾಗ, ಅದನ್ನು ಚೆಲ್ಲಿ ಮುಂದಕ್ಕೆ ಹೋಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ನಿಂತು ನೋಡಿದರು. ಪುಸ್ತಕದ ನಡುವೆ ಮಗು ಒಂದು ವಾಕ್ಯದ ಹತ್ತಿರ ನಿಂತಾಗ ಮನೆಯವರು ಗಡಿಯಾರ ನೋಡದೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟರೆ, ಅಂಕಪಟ್ಟಿಗೆ ನಷ್ಟವೇನೂ ಆಗುವುದಿಲ್ಲ. ಆ ಒಂದು ಅಂಕವೂ ಹೇಗಿದ್ದರೂ ಬಂದೇ ಬರುತ್ತದೆ.